ಬಾಟಲಿಯ ಮೇಲೆ ಎರಡು ಸುಣ್ಣದ ಗೆರೆ

ಹೋದ ತಿಂಗಳು ಇಬ್ಬರು ಹುಡುಗಿಯರು ಸವಣೂರಿನ ನಮ್ಮ ಮನೆಯನ್ನು ಹುಡುಕಿಕೊಂಡು ಬಂದಿದ್ದರು. ನಾನು ದುಡಿದು ನಿವೃತ್ತನಾದ ವೈನ್ ಕಾರ್ಖಾನೆಗೆ ಹೊಸದಾಗಿ ಸೇರಿದವರು. ರುಚಿ ನೋಡುವ ಕೆಲಸ. ಇಬ್ಬರೂ ಕಾಲೇಜಿನಲ್ಲಿ ಅದನ್ನೇ ಓದಿ ಬಂದವರು. ನಾನು ಕಲಿತದ್ದು ಏಳನೆಯ ಇಯತ್ತೆ. "ಗುಡ್ಡಪ್ಪನವರ, ನೀವು ಹಳಬ್ರು, ನಮಗೇನರ ಹೇಳ್ರಿ" ಎಂದು ಕುಳಿತರು. ನೆಗಡಿ ಆಗದಂತೆ ನೋಡಿಕೊಳ್ಳಿ, ಸೆಂಟು ಹಚ್ಚಿಕೊಂಡು ಹೋಗಬೇಡಿ, ಮುಂಜಾನೆ ಹಸಿ ಉಳ್ಳಾಗಡ್ಡಿ ತಿನ್ನಬೇಡಿ ಎಂದು ನಾಲ್ಕು ಮಾತು ಹೇಳಿ, ಚಹಾ ಕುಡಿಸಿ ಕಳಿಸಿದೆ. ಅವರು ಓಣಿಯ ತಿರುವು ದಾಟಿದ ಮೇಲೆ ನನಗೆ ನಾಚಿಕೆಯಾಯಿತು. ಹೇಳಬೇಕಾದ ಒಂದೇ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದ್ದೆ. ಹೊಸಬರ ಮುಂದೆ ಬಾಯಿಂದ ಹೇಳುವುದು ನನ್ನಿಂದ ಆಗುವುದಿಲ್ಲ ಎಂದು ಈಗ ಗೊತ್ತಾಗಿದೆ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ಸವಣೂರು ವೀಳ್ಯದೆಲೆಗೆ ಹೆಸರಾದ ಊರು; ನಮ್ಮದು ಎಲೆಬಳ್ಳಿಯ ತೋಟದಲ್ಲಿ ಕೂಲಿ ಮಾಡಿದ ಮನೆತನ. ತೋಟ ಬೇರೆಯವರದು, ಎಲೆ ಕೊಯ್ಯುವ ಕೈ ನಮ್ಮದು. ನಮ್ಮವ್ವ ಬುಟ್ಟಿಯ ಮುಂದೆ ಕುಳಿತು ಒಂದೊಂದೇ ಎಲೆಯನ್ನು ನೀರಲ್ಲಿ ಅದ್ದಿ, ಹಿಂದೆ ಮುಂದೆ ಬಟ್ಟೆಯಿಂದ ಒರೆಸಿ ಜೋಡಿಸುತ್ತಿದ್ದಳು. "ತೊಳೀಲಾರದ ಎಲಿ ಮಂದಿ ಕೈಯಾಗ ಕೊಟ್ರ ಅವರಿಗೆ ಅಪಮಾನ ಮಾಡಿಧಂಗ" ಎನ್ನುವಳು. ಈ ಮಾತನ್ನು ನೆನಪಿಟ್ಟುಕೊಳ್ಳಿ. ನನ್ನ ಮಾನ ಹೋದದ್ದು ಇದೇ ಮಾತಿನಿಂದ.

ವೈನ್ ಕಾರ್ಖಾನೆ ಶಿಗ್ಗಾವಿಯಿಂದ ಹಾನಗಲ್ಲಿಗೆ ಹೋಗುವ ಕಡೆ, ಮಾವಿನ ತೋಪಿನ ಪಕ್ಕದಲ್ಲಿತ್ತು. ಮಾಲಕರು ಹಿರೇಕೆರೂರಿನ ಹತ್ತಿ ವ್ಯಾಪಾರದ ಮನೆಯವರು, ನಾವು ಅವರನ್ನು ಸಾವ್ಕಾರರು ಎನ್ನುತ್ತಿದ್ದೆವು. ಹಾನಗಲ್ಲಿನ ಮಾವಿನಿಂದಲೂ ಮೇಲಿನ ಸೀಮೆಯಿಂದ ಲಾರಿಯಲ್ಲಿ ಬರುವ ದ್ರಾಕ್ಷಿಯಿಂದಲೂ ವೈನ್ ಮಾಡಿಸುತ್ತಿದ್ದರು. ಮನೆಯಲ್ಲಿ ಮಾತ್ರ "ಹಣ್ಣಿನ ರಸದ ಫ್ಯಾಕ್ಟರಿ" ಎಂದು ಹೇಳಿದ್ದರು. ಒಮ್ಮೆ ಅವರ ತಾಯಿ, ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹಿರಿಯ ಜೀವ, ಶಿವರಾತ್ರಿಯ ಉಪವಾಸಕ್ಕೆ ನಮ್ಮ ಫ್ಯಾಕ್ಟರಿಯ ರಸವೇ ಬೇಕೆಂದು ಹಟ ಹಿಡಿದರು. ಸಾವ್ಕಾರರು ಬೆವತು ಹೋದರು. ಕಡೆಗೆ ನನ್ನನ್ನು ಶಿಗ್ಗಾವಿ ಪ್ಯಾಟಿಗೆ ಓಡಿಸಿ, ದ್ರಾಕ್ಷಿ ರಸ ತೆಗೆಸಿ, ನಮ್ಮ ಬಾಟಲಿಗೆ ತುಂಬಿಸಿ ಕಳಿಸಿದರು. ನಾನೂ ಹೆಂಡತಿ ಶಾಂತವ್ವನಿಗೆ ಮೊದಲೆರಡು ವರ್ಷ ಅದನ್ನೇ ಹೇಳಿದ್ದೆ. ಅವಳ ತವರು ಹತ್ತಿಮತ್ತೂರು. ಅಲ್ಲಿಗೆ ಸುದ್ದಿ ಮುಟ್ಟಿದ್ದರೆ ಬೀಗರ ಮನೆಯಲ್ಲಿ ನನಗೆ ನೀರು ಕೊಡುವವರು ಇರುತ್ತಿರಲಿಲ್ಲ. ಹೀಗೆ ನಮ್ಮ ಕಾರ್ಖಾನೆಯಲ್ಲಿ ಸುಳ್ಳು ಮಾಲಕರಿಂದ ಕೂಲಿಯವರೆಗೆ ಎಲ್ಲರಿಗೂ ರೂಢಿಯಾಗಿತ್ತು. ನನ್ನ ತಪ್ಪನ್ನು ಅವರ ಮೇಲೆ ಹಾಕಲು ಇದನ್ನು ಹೇಳುತ್ತಿಲ್ಲ.

ನಾನು ಸೇರಿದ್ದು ಪೀಪಾಯಿ ತೊಳೆಯಲು. ಒಂದು ದಿನ ಸಾವ್ಕಾರರಿಗೆ ಯಾರೋ ಎಲೆ ಅಡಿಕೆ ತಂದುಕೊಟ್ಟರು. ತುಂಡು ಎಲೆ ಬಾಯಿಗೆ ಹಾಕಿಕೊಂಡ ನಾನು, "ಇದು ಕೆರಿ ನೀರಿನ ತ್ವಾಟದ್ದರಿ, ಬಾಂವಿ ನೀರಿಂದಲ್ಲ. ಬಿಸಲಾಗ ಕೊಯ್ದಾರ" ಎಂದೆ. ಸಾವ್ಕಾರರು ನಕ್ಕರು. ಕೆಮಿಸ್ಟ್ ಪದ್ಮಾಬಾಯಿ ನಗಲಿಲ್ಲ. ಮರುದಿನ ಐದು ತೋಟದ ಎಲೆ ತರಿಸಿ, ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಕೂಡಿಸಿದರು. ಐದನ್ನೂ ಹೇಳಿದೆ. ಆಮೇಲೆ ಮೂರು ಗ್ಲಾಸು ವೈನ್ ಇಟ್ಟರು. ಕುಡಿದು ಗೊತ್ತಿಲ್ಲದ ನಾನು ನಾಲಿಗೆ ತುದಿಗೆ ಮುಟ್ಟಿಸಿ, ಎರಡು ಒಂದೇ ಪೀಪಾಯಿಯವು, ಮೂರನೆಯದು ಬೇರೆ ಎಂದೆ. ಅಂದಿನಿಂದ ನನ್ನ ಕೈಯಲ್ಲಿದ್ದ ಪೊರಕೆ ಹೋಗಿ ಗ್ಲಾಸು ಬಂತು.

ಪದ್ಮಾಬಾಯಿಯವರನ್ನು ನಾವು ಬಾಯಾರು ಎನ್ನುತ್ತಿದ್ದೆವು. ಸವಣೂರಿನ ವೈಷ್ಣವ ಮನೆತನದವರು. ಮೂವತ್ತು ವರ್ಷ ವೈನಿನಲ್ಲಿ ಕೆಲಸ ಮಾಡಿ ಒಂದು ಗುಟುಕನ್ನೂ ಗಂಟಲಿಗೆ ಇಳಿಸಿದವರಲ್ಲ. ಬಾಯಿಯಲ್ಲಿ ತಿರುಗಿಸಿ ಕಟ್ಟಿಗೆಪುಡಿಯ ಬಕೆಟ್ಟಿಗೆ ಉಗುಳುವರು. ಏಕಾದಶಿಯ ದಿನ ಅದೂ ಇಲ್ಲ, ಬರೀ ಮೂಗಿನಿಂದಲೇ ಕೆಲಸ. "ವಾಸನಿಗೆ ಏಕಾದಶಿ ಇಲ್ರಿ ಗುಡ್ಡಪ್ಪ" ಎನ್ನುವರು. ನನಗೆ ಅವರು ಹಾಕಿದ ಕರಾರು ಎರಡೇ. "ಎಲಿ ಅಡಿಕಿ ಬಿಡಬೇಕು, ಸುಣ್ಣ ನಾಲಿಗಿ ಸುಡ್ತದ. ಇನ್ನೊಂದು, ಬಾಯಿಗೆ ಏನು ಬರ್ತದ ಅದನ್ನ ಹೇಳ್ರಿ. ಎದುರಿಗೆ ಯಾರು ಕೂತಾರ ಅಂತ ನೋಡಿ ಹೇಳಬ್ಯಾಡ್ರಿ. ನಿಮ್ಮ ನಾಲಿಗಿ ಬಿಟ್ರ ನಿಮಗ ಬ್ಯಾರೆ ಬಂಡವಾಳ ಇಲ್ಲ."

ಎರಡಕ್ಕೂ ಹೂಂ ಎಂದೆ. ಎಲೆ ಅಡಿಕೆ ಬಿಟ್ಟದ್ದು ಮೂರು ತಿಂಗಳು. ಆಮೇಲೆ ಕದ್ದು ಶುರುವಾಯಿತು. ನಾಲಿಗೆಯ ಕೆಲಸ ಇಲ್ಲದ ಹೊತ್ತಿನಲ್ಲಿ, ಮಾವಿನ ತೋಪಿನ ಹಿಂದೆ ಹೋಗಿ ಹಾಕಿಕೊಳ್ಳುವುದು, ಬಾಯಿ ಮುಕ್ಕಳಿಸಿ ಬರುವುದು. ಎಲೆ ಅಡಿಕೆಯ ಚಂಚಿಯನ್ನು ಬಿಟ್ಟೆ, ಸುಣ್ಣದ ಡಬ್ಬಿಯನ್ನು ಮಾತ್ರ ಉಡಿದಾರಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದೆ. ಸಾವ್ಕಾರರು ಬಂದ ಬಂದವರಿಗೆಲ್ಲ, "ನಮ್ಮ ಗುಡ್ಡಪ್ಪ ಸವಣೂರಾಂವ ಆಗಿ ಎಲಿ ಬಿಟ್ಟಾನ ನೋಡ್ರಿ, ಕೆಲಸದ ಸಲುವಾಗಿ" ಎಂದು ಹೇಳಿಕೊಳ್ಳುವರು. ನಾನು ತಲೆ ತಗ್ಗಿಸುತ್ತಿದ್ದೆ. ಅವರು ಅದನ್ನು ವಿನಯ ಎಂದುಕೊಳ್ಳುತ್ತಿದ್ದರು.

ಒಂದು ಸಲ ಸಿಕ್ಕಿಬೀಳುವುದಿತ್ತು. ಬೇಸಗೆಯಲ್ಲಿ ಒಂದು ಟಾಕಿಯ ಮಾವಿನ ವೈನ್ ತುಸು ಹುಳಿ ತಿರುಗಿತ್ತು. ಅವತ್ತು ಮುಂಜಾನೆ ನಾನು ಎಲೆ ಹಾಕಿಕೊಂಡು ಹೋಗಿದ್ದೆ. ಸುಣ್ಣಕ್ಕೆ ಸತ್ತ ನಾಲಿಗೆಗೆ ಆ ಹುಳಿ ತಿಳಿಯಲೇ ಇಲ್ಲ. ಸರಿ ಇದೆ ಎಂದೆ. ಬಾಟಲಿಗೆ ತುಂಬಿ ಹೋದ ಮಾಲು ಹದಿನೈದು ದಿನದಲ್ಲಿ ವಾಪಸು ಬಂತು. ಬಾಯಾರು ನನ್ನನ್ನು ಕರೆದು, "ಎಲಿ ಹಾಕ್ಕೊಂಡಿದ್ದಿರೇನು?" ಎಂದು ನೇರವಾಗಿ ಕೇಳಿದರು.

"ಇಲ್ರಿ ಬಾಯಾರ. ಅವತ್ತಿಂದ ನೆಗಡಿ ಐತ್ರಿ, ಹೇಳಿಲ್ಲ ನಾ. ತಪ್ಪಾತ್ರಿ" ಎಂದೆ.

ಅವರು ನಂಬಿದರು. ನಂಬಿದ್ದಷ್ಟೇ ಅಲ್ಲ, ಮನೆಯಿಂದ ಶುಂಠಿ ಕಷಾಯ ಮಾಡಿಸಿ ಮೂರು ದಿನ ತಂದುಕೊಟ್ಟರು. ಇಲ್ಲದ ನೆಗಡಿಗೆ ಕಷಾಯ ಕುಡಿದವನು ನಾನು. ಆ ಖಾರ ಇನ್ನೂ ಗಂಟಲಲ್ಲಿದೆ.

ಈಗ ಕಾಲ ಬದಲಾಗಿದೆ. ಹುಳಿ ಎಷ್ಟು, ಸಕ್ಕರೆ ಎಷ್ಟು ಎಂದು ಯಂತ್ರವೇ ಚೀಟಿ ಬರೆದು ಕೊಡುತ್ತದೆ. ಉಗುಳುವ ಬಕೆಟ್ಟಿನ ಜಾಗದಲ್ಲಿ ನಲ್ಲಿ ಹಾಕಿದ ಬಿಳಿ ಬೋಗುಣಿ ಬಂದಿದೆ. ನಾವು ಕಂಡದ್ದನ್ನು ಬಾಯಿಯಲ್ಲಿ ಹೇಳುತ್ತಿದ್ದೆವು, ಬಾಯಾರು ಬರೆದುಕೊಳ್ಳುತ್ತಿದ್ದರು. ಹೊಸಬರು ಮೊಬೈಲಿನಲ್ಲಿ ಚೌಕಗಳಿಗೆ ಬೊಟ್ಟು ಒತ್ತುತ್ತಾರೆ. ಇದರಲ್ಲಿ ಹಳಹಳಿಸುವಂಥದ್ದೇನೂ ಇಲ್ಲ, ಯಂತ್ರ ಎಲೆ ಅಡಿಕೆ ಹಾಕಿಕೊಳ್ಳುವುದಿಲ್ಲ.

ನಾನು ನಿವೃತ್ತನಾಗುವ ಐದು ವರ್ಷ ಮೊದಲು ಸಾವ್ಕಾರರಿಗೆ ಒಂದು ಹುಚ್ಚು ಹಿಡಿಯಿತು. ಸ್ಪೇನ್ ದೇಶದಲ್ಲಿ ವೈನನ್ನು ಕಟ್ಟಿಗೆಯ ಪೀಪಾಯಿಯಲ್ಲಿ ಇಪ್ಪತ್ತು, ಮೂವತ್ತು, ಐವತ್ತು ವರ್ಷ ಇಡುತ್ತಾರಂತೆ, ನಾವೂ ಇಡೋಣ ಎಂದರು. ಬಾಯಾರು ಅಲ್ಲಿಯವರ ಜತೆ ಓಲೆ ನಡೆಸಿ, ಒಬ್ಬ ಹಿರಿಯರನ್ನು ಎಂಟು ದಿನದ ಮಟ್ಟಿಗೆ ಒಪ್ಪಿಸಿದರು. ಹೆಸರು ಅಂತೋನಿಯೊ. ಎಪ್ಪತ್ತು ದಾಟಿದವರು, ಕುಳ್ಳನೆಯ ಗಟ್ಟಿ ದೇಹ, ಕೈ ನಮ್ಮ ಒಕ್ಕಲಿಗರ ಕೈಯಂತೆಯೇ ಒರಟು. ಮನೆತನದ ವೈನ್ ಕೋಣೆಯನ್ನು ಕಂಪನಿಯೊಂದಕ್ಕೆ ಬಿಟ್ಟುಕೊಟ್ಟು ಒಬ್ಬರೇ ಇದ್ದರು. ಮುರುಕು ಇಂಗ್ಲೀಷಿನಲ್ಲಿ ಹೇಳುವರು, ಬಾಯಾರು ನಮಗೆ ಕನ್ನಡ ಮಾಡುವರು.

ಅವರು ಹೇಳಿದ ಮೊದಲ ಪಾಠಕ್ಕೇ ನಾನು ದಂಗಾದೆ. ವೈನಿಗೆ ಗಾಳಿ ಮುಟ್ಟಿದರೆ ಕೆಟ್ಟಿತು ಎಂದು ನಾವು ಕಲಿತಿದ್ದೆವು. ಅವರು ಪೀಪಾಯಿಯಲ್ಲಿ ತುಸು ಜಾಗ ಬಿಟ್ಟು, ಬೇಕೆಂದೇ ಗಾಳಿಗೆ ಒಡ್ಡಿ, ವರ್ಷಗಟ್ಟಲೆ ಕಾಯುತ್ತಾರೆ. ಆದರೆ ಬಿಟ್ಟು ಮರೆಯುವಂತಿಲ್ಲ. ಆರಿದಷ್ಟನ್ನು ಆಗಾಗ ತುಂಬಿ ಕೊಡಬೇಕು, ರುಚಿ ನೋಡುತ್ತಿರಬೇಕು. "ಮಗ್ಗಲಾಗ ಕೂತು ಮಾತಾಡಸ್ತಿರಬೇಕು ಅಂತಾರ, ಹಡದಾಕಿ ಕೂಸಿನ್ನ ಮಾತಾಡಿಸಿಧಂಗ" ಎಂದರು ಬಾಯಾರು. ನನಗೆ ನಮ್ಮವ್ವ ನೆನಪಾದಳು. ಎಲೆಯ ಬುಟ್ಟಿಯನ್ನೂ ಹೀಗೆಯೇ ದಿನಾ ಮಗುಚಿ ಹಾಕಬೇಕು. ಒಂದು ದಿನ ಮರೆತರೂ ಒಳಗೇ ಕಾವು ಹಿಡಿಯುತ್ತದೆ.

ಸಾವ್ಕಾರರು ನನ್ನ ಎಲೆ ಬಿಟ್ಟ ಕಥೆಯನ್ನು ಅವರಿಗೂ ಹೇಳಿದರು. ಅಂತೋನಿಯೊ ಎದ್ದು ಬಂದು ನನ್ನ ಎರಡೂ ತೋಳು ಹಿಡಿದು ಕುಲುಕಿ, ಬಿಗಿಯಾಗಿ ಅಪ್ಪಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. ಉಡಿದಾರದ ಸುಣ್ಣದ ಡಬ್ಬಿ ನಮ್ಮಿಬ್ಬರ ನಡುವೆ ಸಿಕ್ಕಿ ನನ್ನ ಹೊಟ್ಟೆಗೆ ಚುಚ್ಚುತ್ತಿತ್ತು.

ಏಳನೆಯ ದಿನ ಸಂಜೆ ಅವರು ಒಂದು ಕೂಟ ಇಟ್ಟುಕೊಂಡರು. ಕಲಿಸಲು ಬಂದವನು ಹೋಗುವ ಮುಂಚೆ ತನ್ನ ಮನೆಯ ವೈನನ್ನು ತಾನೇ ಬಡಿಸಬೇಕು, ಅದು ಅವರ ಊರಿನ ಪದ್ಧತಿಯಂತೆ. ಅದಕ್ಕೆಂದೇ ಮೂರು ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಚೀಟಿ ಇಲ್ಲ, ಹೆಸರಿಲ್ಲ. ಕಪ್ಪು ಗಾಜು, ಮೈತುಂಬ ಧೂಳು, ಜೇಡರ ಬಲೆ, ಅಲ್ಲಲ್ಲಿ ಸುಣ್ಣ. ಮುಂಜಾನೆ ಅವುಗಳನ್ನು ತಂಪಿನ ಕೋಣೆಯಲ್ಲಿಟ್ಟು, ಸಾವ್ಕಾರರ ಜತೆ ಆಡೂರಿನ ಶಾಸನ ನೋಡಿ ಬರಲು ಹೋದರು.

ಕೋಣೆ ಸಜ್ಜು ಮಾಡುವ ಕೆಲಸ ನನ್ನದು. ಮೇಜು ಒರೆಸಿದೆ, ಗ್ಲಾಸು ತೊಳೆದೆ, ಬಾಟಲಿ ನೋಡಿದೆ. ದೂರದೇಶದ ಹಿರಿಯರು, ಬಂದವರ ಮುಂದೆ ಇಂಥ ಕೊಳಕು ಬಾಟಲಿ ಇಟ್ಟರೆ ಅವರಿಗೇ ಅಪಮಾನ ಎನಿಸಿತು. ಸುಣ್ಣದ ಗುರುತುಗಳನ್ನು ಕಂಡು, ಗೋಡೆಗೆ ಸುಣ್ಣ ಹೊಡೆಯುವಾಗ ಸಿಡಿದಿರಬೇಕು ಎಂದುಕೊಂಡೆ; ನಮ್ಮ ಮನೆಯಲ್ಲಿ ಪ್ರತಿ ದೀಪಾವಳಿಗೂ ಸಿಡಿಯುತ್ತದಲ್ಲ. ಹಳೆಯ ಸುಣ್ಣ, ನೀರಿಗೆ ಬಿಡಲಿಲ್ಲ. ಹುಣಸೆಹಣ್ಣು ಹಚ್ಚಿ ತಾಮ್ರದ ತಂಬಿಗೆ ತಿಕ್ಕಿದ ಹಾಗೆ ತಿಕ್ಕಿದೆ. ಮೂರೂ ಬಾಟಲಿ ಲಕಲಕ ಹೊಳೆದವು. ನಮ್ಮವ್ವ ನೋಡಿದ್ದರೆ ಮೆಚ್ಚುತ್ತಿದ್ದಳು ಎಂದುಕೊಂಡು ಬಟ್ಟೆ ಹಿಂಡಿದೆ.

ಮಧ್ಯಾಹ್ನ ಊಟದ ಹೊತ್ತಿಗೆ ಬಾಯಾರು ತಮ್ಮ ಕೋಣೆಯಲ್ಲಿ ಕುಳಿತು ಸಂಜೆಯ ಬಗ್ಗೆ ಹೇಳತೊಡಗಿದರು. "ಆ ಬಾಟ್ಲಿ ನೋಡಿದ್ರಲ್ಲಾ ಗುಡ್ಡಪ್ಪ, ಅದರ ಮ್ಯಾಲಿನ ಸುಣ್ಣದ ಗೆರಿ ಅವರಪ್ಪ ಹಾಕಿದ್ದು. ಆಡೂರಾಗ ಕಲ್ಲಿನ ಮ್ಯಾಲ ಬರದಾರಲ್ಲ, ಹಂಗ ಅವರಿಗೆ ಇದು. ಒಂದು ಗೆರಿ ಅಂದ್ರ ಇವರು ಹುಟ್ಟಿದ ವರ್ಷದ್ದು. ಎರಡು ಗೆರಿ ಇವರ ಅವ್ವ ತೀರಿಕೊಂಡ ವರ್ಷದ್ದು. ಮೂರು ಗೆರಿ ಇವರು ಮೊದಲ ಸಲ ತಮ್ಮ ಕೈಲೇ ಮಾಡಿದ್ದು. ಮೂರೂ ಕಡೀ ಬಾಟ್ಲಿ. ಇನ್ನೆಲ್ಲೂ ಇಲ್ಲ ಅವು."

ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

"ಅವ್ವ ಹೋದ ವರ್ಷ ಅವರಪ್ಪ ವೈನ್ ಕೋಣೆಗೆ ಕಾಲೇ ಇಡಲಿಲ್ಲಂತ" ಎಂದು ಬಾಯಾರು ಮುಂದುವರಿಸಿದರು. "ಪೀಪಾಯಿ ತುಂಬಲಿಲ್ಲ, ರುಚಿ ನೋಡಲಿಲ್ಲ. ವೈನ್ ತನ್ನಷ್ಟಕ್ಕ ತಾನ ಆರಿ, ಕರ್ರಗಾಗಿ, ಮೂರರಾಗ ಎರಡು ಪಾಲು ಉಳೀತಂತ. ಅದನ್ನ ಎರಡನೇದಾಗಿ ಬಡಿಸಿ, ಎಲ್ಲಾರನೂ ಎದ್ದು ನಿಲ್ಲಸ್ತೀನಿ ಅಂದಾರ. ಅವ್ವನ ಸಲುವಾಗಿ."

ಅಲ್ಲಿಯೇ, ಆಗಲೇ ಹೇಳಿಬಿಡಬೇಕಿತ್ತು. ಬಾಯಾರು ಎದುರಿಗೇ ಇದ್ದರು, ಅಂತೋನಿಯೊ ಬರಲು ಇನ್ನೂ ಮೂರು ತಾಸು ಇತ್ತು. ನಾನು ಕೈ ತೊಳೆದು ತಂಪಿನ ಕೋಣೆಗೆ ಹೋದೆ. ಒಂದು ಬಾಟಲಿಯ ಕುತ್ತಿಗೆ ತುಸು ಸೊಟ್ಟಗಿತ್ತು. ಅದರ ಮೇಲೆ ಮೂರು ಗೆರೆ ಇದ್ದದ್ದು ನೆನಪಿತ್ತು. ಉಳಿದೆರಡು ಅವಳಿ ಮಕ್ಕಳ ಹಾಗಿದ್ದವು. ಬೆಳಕಿಗೆ ಹಿಡಿದೆ, ಏನೂ ಕಾಣಲಿಲ್ಲ. ಬಾಗಿಲು ಮುಂದೆ ಮಾಡಿ, ಉಡಿದಾರದಿಂದ ಡಬ್ಬಿ ತೆಗೆದು, ನಾನು ಎಲೆಗೆ ಹಚ್ಚುವ ಸುಣ್ಣದಿಂದ, ದೇವರ ಮೇಲೆ ಭಾರ ಹಾಕಿ, ಒಂದಕ್ಕೆ ಒಂದು ಗೆರೆ, ಇನ್ನೊಂದಕ್ಕೆ ಎರಡು ಗೆರೆ ಎಳೆದೆ. ಮೇಲೆ ಒಂದಿಷ್ಟು ಧೂಳನ್ನೂ ಊದಿದೆ. ಈ ಸಾಲನ್ನು ಬರೆಯುವಾಗ ನನ್ನ ಕಿವಿ ಬಿಸಿಯಾಗುತ್ತಿದೆ.

ಸಂಜೆ ಪೀಪಾಯಿ ಕೋಣೆಯಲ್ಲಿ ಒಂದೇ ಮೇಜು, ಏಳು ಜನ. ಸಾವ್ಕಾರರು, ಬಾಯಾರು, ಅಂತೋನಿಯೊ, ನಾನು, ಶಿಗ್ಗಾವಿಯ ಒಬ್ಬ ಡಾಕ್ಟರು, ಸಾವ್ಕಾರರ ಬೀಗರಿಬ್ಬರು. ಡಾಕ್ಟರು ಮೊಬೈಲ್ ಎತ್ತಿ ವಿಡಿಯೊ ತೆಗೆಯುತ್ತಿದ್ದರು. ಮೇಜಿನ ಮೇಲೆ ನಮ್ಮೂರಿನ ಕುರುಕಲು, ಸವಣೂರು ಖಾರದ ದೊಡ್ಡ ತಟ್ಟೆ ಇತ್ತು. ಮೂರನೆಯ ಗ್ಲಾಸು ಮುಗಿಯುವ ತನಕ ಯಾರೂ ಮುಟ್ಟಬಾರದು ಎಂದು ಬಾಯಾರ ಅಪ್ಪಣೆ. ಸಾವ್ಕಾರರು ಆಗಲೇ ಒಂದು ಹಿಡಿ ಜೇಬಿಗೆ ಇಳಿಸಿದ್ದರು.

ಬಾಟಲಿ ಹೊಳೆಯುವುದನ್ನು ನೋಡಿ ಅಂತೋನಿಯೊ ಒಂದು ಗಳಿಗೆ ತಡೆದರು. ಆಮೇಲೆ ಗೆರೆ ನೋಡಿ, ಒಂದು ಗೆರೆಯ ಬಾಟಲಿಯ ಬೂಚು ತೆಗೆದು, ಎಲ್ಲರಿಗೂ ಒಂದೇ ಬೆರಳಷ್ಟು ಬಡಿಸಿದರು. "ಇದು ನಾ ಹುಟ್ಟಿದ ವರ್ಷದ್ದು ಅಂತಾರ" ಎಂದರು ಬಾಯಾರು. "ಅವರಪ್ಪಗ ಎಷ್ಟು ಖುಷಿ ಅಂದ್ರ, ಐತವಾರಕ್ಕೊಮ್ಮೆ ಪೀಪಾಯಿ ತುಂಬತಿದ್ದರಂತ. ಇಷ್ಟು ಜ್ವಾಪಾನ ಮಾಡಿದ ವೈನ್ ಆ ಮನ್ಯಾಗ ಇನ್ನೊಂದಿಲ್ಲಂತ." ಎಲ್ಲರೂ ಗ್ಲಾಸಿಗೆ ಗ್ಲಾಸು ತಾಗಿಸಿ ನಕ್ಕರು.

ನಾನು ಬಾಯಿಗೆ ಹಾಕಿಕೊಂಡೆ.

ಮೊದಲು ಸುಟ್ಟ ಬೆಲ್ಲ, ಆಮೇಲೆ ಒಣಕೊಬ್ಬರಿ, ಹಿಂದೆಯೇ ಒಂದು ಕಹಿ. ಬಾಗಿಲು ಮುಚ್ಚಿಟ್ಟ ಮನೆಯ ಕಹಿ. ಆ ರುಚಿ ನನಗೆ ಗೊತ್ತಿತ್ತು. ನಮ್ಮಪ್ಪ ತೀರಿಕೊಂಡಾಗ ಸೂತಕದ ದಿನಗಳಲ್ಲಿ ಎಲೆಯ ಬುಟ್ಟಿಯನ್ನು ಯಾರೂ ಮಗುಚಲಿಲ್ಲ. ಕಡೆಗೆ ಅವ್ವ ಮುಚ್ಚಳ ತೆಗೆದಾಗ ಎಲೆ ಹಳದಿ ತಿರುಗಿದ್ದವು. ಅವಳು ಒಂದನ್ನು ಹರಿದು ನನ್ನ ಬಾಯಿಗಿಟ್ಟು, ತಾನೊಂದು ತಿಂದು, ಮೊದಲ ಸಲ ಗಟ್ಟಿಯಾಗಿ ಅತ್ತಿದ್ದಳು. ಅದೇ ರುಚಿ. ಯಾರೂ ಮಾತಾಡಿಸದೆ ಬಿಟ್ಟದ್ದರ ರುಚಿ. ಇದು ಹುಟ್ಟಿದ ವರ್ಷದ್ದಲ್ಲ. ಇದು ಅವ್ವನ ಬಾಟಲಿ, ನಾನು ಗೆರೆ ಅದಲು ಬದಲು ಮಾಡಿದ್ದೆ.

"ಸ್ವಲ್ಪ ಕಹಿ ಐತಲ್ರಿ, ಹುಟ್ಟಿದ ಖುಷಿಗೆ ಬೇವಿನ ರಸ ಹಾಕಿದ್ರೇನ ಇವರಪ್ಪಾರು?" ಎಂದು ಸಾವ್ಕಾರರು ನಗೆಯಾಡಿದರು. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಹೆಣ್ಣುಮಗಳ ನೆನಪಿಗೆ ಎದ್ದು ನಿಲ್ಲಬೇಕಿದ್ದ ಜನ ಕಾಲು ಚಾಚಿಕೊಂಡು ನಗುತ್ತಿದ್ದರು. ನಾನು ನೆಲ ನೋಡುತ್ತ ಕುಳಿತಿದ್ದೆ.

ಆಗ ಅಂತೋನಿಯೊ ನನ್ನ ಹೆಸರು ಹಿಡಿದು ಏನೋ ಕೇಳಿದರು. "ಗುಡ್ಡಪ್ಪ, ನಿಮ್ಮ ನಾಲಿಗಿ ಏನು ಹೇಳ್ತದ ಅಂತ ಕೇಳ್ತಾರ" ಎಂದರು ಬಾಯಾರು.

ಎರಡನೆಯ ಬಾಟಲಿಯ ಬೂಚು ಇನ್ನೂ ತೆಗೆದಿರಲಿಲ್ಲ. ಒಂದು ಮಾತು ಹೇಳಿದ್ದರೆ ಅರ್ಧವಾದರೂ ಉಳಿಯುತ್ತಿತ್ತು. ಆದರೆ ಗೆರೆ ಯಾರು ಹಾಕಿದರು ಎಂದರೆ ಸುಣ್ಣ ಎಲ್ಲಿಯದು ಎಂದು ಬರುತ್ತದೆ, ಸುಣ್ಣ ಎಂದರೆ ಎಲೆ ಅಡಿಕೆ ಬರುತ್ತದೆ, ಹಿಂದೆಯೇ ನೆಗಡಿಯೂ ಕಷಾಯವೂ ಬರುತ್ತವೆ. ಹನ್ನೆರಡು ವರ್ಷದ ಸುಳ್ಳು ಸಾಲಾಗಿ ನಿಂತಿತ್ತು.

"ಛಲೋ ಐತ್ರಿ" ಎಂದೆ. ಅಷ್ಟಕ್ಕೆ ಸುಮ್ಮನಾಗಲಿಲ್ಲ ನನ್ನ ಬಾಯಿ. "ಭಾಳ ಜ್ವಾಪಾನ ಮಾಡಿದ್ದು ಗೊತ್ತಾಕ್ಕೈತ್ರಿ" ಎಂದೂ ಸೇರಿಸಿತು.

ಬಾಯಾರು ಅದನ್ನು ಇಂಗ್ಲೀಷಿನಲ್ಲಿ ಹೇಳುವ ಮೊದಲು ತುಸು ತಡೆದರು. ಅವರೂ ಬಾಯಿಗೆ ಹಾಕಿ ಉಗುಳಿದ್ದರು.

ಎರಡನೆಯ ಬಾಟಲಿ ಎತ್ತುವಾಗ ಅಂತೋನಿಯೊ ಅವರ ಅಂಗೈಗೆ ಸುಣ್ಣ ಹತ್ತಿತು. ಅವರಪ್ಪ ಹಚ್ಚಿದ ಸುಣ್ಣ ಕಲ್ಲಾಗಿತ್ತು, ನನ್ನದು ಇನ್ನೂ ಹಸಿ. ಅವರು ಅಂಗೈ ನೋಡಿಕೊಂಡರು. ಆಮೇಲೆ ನನ್ನ ಕೈ ನೋಡಿದರು. ಎಲೆ ಹಾಕುವವನ ಹೆಬ್ಬೆರಳಿನ ಉಗುರಲ್ಲಿ ಸುಣ್ಣ ಎಷ್ಟು ತೊಳೆದರೂ ಉಳಿಯುತ್ತದೆ. ನಾನು ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡೆ. ಅವರು ಕರವಸ್ತ್ರದಿಂದ ಅಂಗೈ ಒರೆಸಿಕೊಂಡು, ಬಡಿಸಿ, ಎದ್ದು ನಿಂತರು. ನಾವೂ ನಿಂತೆವು. ಜೇನಿನಂಥ, ನಗುನಗುವ ವೈನ್ ಅದು, ಮಗ ಹುಟ್ಟಿದ ಮನೆಯ ವೈನ್. ಅದನ್ನು ಹಿಡಿದುಕೊಂಡು ಎಲ್ಲರೂ ತಲೆ ಬಾಗಿಸಿ ಸತ್ತ ತಾಯಿಗೆ ಮೌನವಾಗಿದ್ದೆವು.

ಮೂರನೆಯದರ ಗುರುತು ಸರಿಯಿತ್ತು. ಖಾರದ ತಟ್ಟೆ ಬಂತು. ಅಂತೋನಿಯೊ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಕಣ್ಣೀರು ಸುರಿಸಿದಾಗ, ಖಾರ ಹತ್ತಿತೆಂದು ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಮರುದಿನ ಮುಂಜಾನೆ ಅವರು ಹುಬ್ಬಳ್ಳಿಗೆ ಹೊರಡುವ ಮೊದಲು ನನ್ನನ್ನು ಪೀಪಾಯಿ ಕೋಣೆಗೆ ಕರೆಸಿದರು. ಜತೆಗೆ ಬಾಯಾರು ಇದ್ದರು. ಮೇಜಿನ ಮೇಲೆ ಮೊದಲನೆಯ ಬಾಟಲಿ, ಅರ್ಧ ವೈನ್ ಉಳಿದದ್ದು. ಗೆರೆಯನ್ನು ಒರೆಸಿಬಿಟ್ಟಿದ್ದರು. ನನ್ನ ನಡುವಿನ ಕಡೆ ಕೈ ತೋರಿಸಿ ಅಂಗೈ ಒಡ್ಡಿದರು.

"ಡಬ್ಬಿ ತಗೀರಿ ಅಂತಾರ" ಎಂದರು ಬಾಯಾರು. ನನ್ನ ಮುಖ ನೋಡಲಿಲ್ಲ. "ಇದು ನಿಮಗ ಇರಲಿ ಅಂತ. ಗುರುತು ಏನು ಹಾಕಬೇಕೋ ನೀವ ಹಾಕ್ರಿ ಅಂತಾರ."

ನಾನು ಡಬ್ಬಿ ತೆಗೆದೆ. ಹೆಬ್ಬೆರಳಿನಿಂದ ಒಂದು ಗೆರೆ ಎಳೆದೆ. ಅದರ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದೆ. ಅಂತೋನಿಯೊ ತಲೆಯಾಡಿಸಿ, ಬಾಟಲಿಯನ್ನು ನನ್ನ ಕೈಗೆ ಕೊಟ್ಟು, ಒಂದು ಸಾಲು ಏನೋ ಹೇಳಿದರು. ಬಾಯಾರು ಅದನ್ನು ಕನ್ನಡ ಮಾಡಲಿಲ್ಲ, ನಾನು ಕೇಳಲಿಲ್ಲ. ನೆಗಡಿಯ ಸುಳ್ಳಿನ ಜತೆ ಅಷ್ಟು ಸಲೀಸಾಗಿ ಬಂದಿದ್ದ "ತಪ್ಪಾತ್ರಿ" ಎಂಬ ಮಾತು ಅವತ್ತು ಬರಲಿಲ್ಲ. ಅವರ ಗಾಡಿ ಹೋಯಿತು.

ಅಂದಿನಿಂದ ಎಲೆ ಅಡಿಕೆ ನಿಜವಾಗಿಯೂ ಬಿಟ್ಟೆ. ಅದರಿಂದ ಏನು ಬಂತು? ಬಾಯಾರು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಆದರೆ ಆಮೇಲೆ ನಾನು ಯಾವ ವೈನ್ ಸರಿ ಎಂದರೂ ಅವರು ಇನ್ನೊಮ್ಮೆ ತಾವೇ ಬಾಯಿಗೆ ಹಾಕಿ ನೋಡುತ್ತಿದ್ದರು. ಮೊದಲು ಹಾಗೆ ಮಾಡುತ್ತಿರಲಿಲ್ಲ. ಐದು ವರ್ಷ, ದಿನಾಲೂ, ನನ್ನ ಎದುರಿಗೇ.

ನಿವೃತ್ತಿಯ ದಿನ ಶಾಲು ಹೊದಿಸಿ, ಹಾರ ಹಾಕಿದರು. ಸಾವ್ಕಾರರು ಮೈಕು ಹಿಡಿದು, "ಈ ಮನಷ್ಯಾನ ನಾಲಿಗಿ ಒಮ್ಮೆನೂ ಸುಳ್ಳ ಹೇಳಿಲ್ಲ" ಎಂದರು. ಆಮೇಲೆ ಗೋಡೆಯ ಮೇಲೆ ಡಾಕ್ಟರ ವಿಡಿಯೊ ಹಾಕಿದರು, ನನಗೆ ಖುಷಿಯಾಗಲೆಂದು. ಆ ಸಂಜೆ ನಾನು ನೆಲ ನೋಡುತ್ತಿದ್ದೆ. ಮೊಬೈಲು ಮಾತ್ರ ಎಲ್ಲವನ್ನೂ ನೋಡಿತ್ತು. ಗೋಡೆಯ ಮೇಲೆ ಅಂತೋನಿಯೊ ಮೊದಲ ಗುಟುಕು ತೆಗೆದುಕೊಂಡರು. ಅವರ ನಗು ಅಲ್ಲಿಯೇ ನಿಂತಿತು. ಒಂದು ಕೈ ಎದೆಗೆ ಹೋಯಿತು. ಸಾವ್ಕಾರರು ಬೇವಿನ ರಸದ ಮಾತಾಡುತ್ತಿದ್ದಾಗ, ಅಷ್ಟು ಜನರ ನಗೆಯ ನಡುವೆ, ಅವರೊಬ್ಬರೇ ಕುರ್ಚಿಯಿಂದ ಅರ್ಧ ಎದ್ದು ನಿಂತಿದ್ದರು. ತಾಯಿಗಾಗಿ. ಆಮೇಲೆ ಕುಳಿತು ನನ್ನನ್ನೇ ನೋಡತೊಡಗಿದರು. ನಾನು ತಲೆ ಎತ್ತುತ್ತೇನೆಂದು ಎಷ್ಟು ಹೊತ್ತು ಕಾದರು ಎಂದರೆ, ಇಡೀ ವಿಡಿಯೊದಲ್ಲಿ ಎಲ್ಲಕ್ಕಿಂತ ಉದ್ದವಾಗಿ ಕಂಡದ್ದು ಅದೇ. ಕಡೆಗೆ ನನ್ನ ಹೆಸರು ಹಿಡಿದು ಕೇಳಿದರು. "ಛಲೋ ಐತ್ರಿ" ಎಂದು ನನ್ನ ದನಿ ಬಂತು. ಸಭೆ ಚಪ್ಪಾಳೆ ತಟ್ಟಿತು.

ಮೈಕು ನನ್ನ ಕೈಗೆ ಬಂತು. ಈಗ ಹೇಳುತ್ತೇನೆ ಎಂದೇ ಎದ್ದೆ. "ಎಲ್ಲಾರಿಗೂ ಶರಣ್ರಿ" ಎಂದು ಕುಳಿತೆ.

ಹುಡುಗಿಯರು ಬಂದು ಹೋದ ಮೇಲೆ ಬಾಯಾರ ಮನೆಗೆ ಹೋದೆ. ಅವರೂ ಈಗ ನಿವೃತ್ತರು. ಮೊದಲ ಸಲ ಎಲ್ಲವನ್ನೂ ಹೇಳಿದೆ, ನೆಗಡಿ, ಕಷಾಯದಿಂದ ಹಿಡಿದು. ಅವರಿಗೆ ಹೊಸತು ಯಾವುದೂ ಇರಲಿಲ್ಲ, ಇಲ್ಲದ ನೆಗಡಿಗೆ ಅವರ ಕಷಾಯ ಕುಡಿದದ್ದೊಂದರ ಹೊರತು. ಅದಕ್ಕೆ ಮಾತ್ರ ಅವರ ಮುಖ ಸಣ್ಣದಾಯಿತು. ಕಡೆಗೆ, "ಅವತ್ತ ಮುಂಜಾನೆ ಗೆರಿ ಹಾಕಿದ ಮ್ಯಾಲೆ ಅವರು ಏನಂದ್ರು ಬಾಯಾರ?" ಎಂದು ಕೇಳಿದೆ.

"ನಮ್ಮಪ್ಪನೂ ಹಿಂಗ, ಹೆಬ್ಬೆರಳಲೇ ಬರೀತಿದ್ದ ಅಂದ್ರು."

ಆಮೇಲೆ ಬಾಯಾರೇ, ಅಂತೋನಿಯೊ ಇದ್ದಾರೆ, ಆಗಾಗ ಓಲೆ ಬರೆಯುತ್ತಾರೆ, ನೀವು ಬರೆದುಕೊಡಿ, ಇಂಗ್ಲೀಷ್ ಮಾಡಿ ಕಳಿಸುತ್ತೇನೆ ಎಂದರು.

ಆ ಬಾಟಲಿ ನಮ್ಮ ಮನೆಯ ಗೂಡಿನಲ್ಲಿದೆ. ಶಾಂತವ್ವ ಪ್ರತಿ ಹಬ್ಬಕ್ಕೂ, "ಎಷ್ಟು ಹೊಲಸಾಗೇತಿ, ಕೊಡ್ರಿಲ್ಲೆ, ಹುಣಸಿಹಣ್ಣು ಹಚ್ಚಿ ತಿಕ್ಕತೇನಿ" ಎನ್ನುತ್ತಾಳೆ. ನಾನು ಕೊಡುವುದಿಲ್ಲ. ಮೇಲೆ ಧೂಳು ಕುಳಿತಿದೆ, ಜೇಡ ಬಲೆ ಕಟ್ಟಿದೆ, ಎರಡು ಗೆರೆ ಒಣಗಿ ಕಲ್ಲಾಗಿವೆ.

ಹುಡುಗಿಯರೇ, ನಿಮಗೆ ಹೇಳದೆ ಕಳಿಸಿದ್ದು ಇದನ್ನು. ಇದರ ಒಂದು ಪ್ರತಿ ನಿಮಗೆ, ಇನ್ನೊಂದು ಬಾಯಾರಿಗೆ. ಓಲೆಯಲ್ಲಿ ಎಲ್ಲಕ್ಕಿಂತ ಮೊದಲು ಏನು ಬರೆಯಲಿ ಎಂದು ಬಾಯಾರು ಪೆನ್ನು ಹಿಡಿದು ಕೇಳಿದಾಗ, ಆ ಸಂಜೆ ಅಂತೋನಿಯೊ ಕೇಳಿದ್ದಕ್ಕೆ ನಾನು ಕೊಡಬೇಕಿದ್ದ ಉತ್ತರವನ್ನೇ ಹೇಳಿದೆ.

"ಮೊದಲನೇ ಬಾಟ್ಲಿ ನಿಮ್ಮ ಅವ್ವಂದಿತ್ರಿ. ನನಗ ಆವಾಗನ ಗೊತ್ತಾಗಿತ್ತು."